ಹಾರ್ಟ್ ಅಟ್ಯಾಕ್: ಆಸ್ಪತ್ರೆಯಲ್ಲಿ ಎಲ್ಲರಿಗೂ ಅದೇ ಟೆಸ್ಟ್, ಅದೇ ಮಾತ್ರೆ ಏಕೆ?

ಎದೆನೋವು ಎಂದು ಹೋದವರಿಗೆಲ್ಲ ಇಸಿಜಿ ಮಾಡುತ್ತಾರೆ, ರಕ್ತ ತೆಗೆಯುತ್ತಾರೆ, ಅದೇ ಮಾತ್ರೆ ಕೊಡುತ್ತಾರೆ, ಇದೆಲ್ಲ ಬಿಲ್ ಬೆಳೆಸುವ ತಂತ್ರ ಎನ್ನುವ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ನಂಬಿ ಪರೀಕ್ಷೆ ಬೇಡ ಎಂದು ಮನೆಗೆ ಮರಳಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಈ ವಿಷಯವನ್ನು ಬಿಡಿಸಿ ನೋಡೋಣ.

ಸಂಕ್ಷಿಪ್ತವಾಗಿ: ಹಾರ್ಟ್ ಅಟ್ಯಾಕ್ ಚಿಕಿತ್ಸೆಯ ಮೊದಲ ಹಂತಗಳು ಬಹುತೇಕ ಎಲ್ಲರಿಗೂ ಒಂದೇ ಆಗಿರಬೇಕು. ಆದರೆ ರೋಗಿ ಸಮಯಕ್ಕೆ ಆಸ್ಪತ್ರೆ ತಲುಪಿದರೆ ಮಾತ್ರ ಇದರ ಪೂರ್ಣ ಲಾಭ ಸಿಗುತ್ತದೆ.

ಕ್ಲಿನಿಕಲ್ ಪಾಥ್‌ವೇ ಎಂದರೇನು?

ಯಾವ ಕಾಯಿಲೆಗೆ, ಯಾವ ಹೊತ್ತಿನಲ್ಲಿ, ಯಾರು, ಏನು ಮಾಡಬೇಕು ಎಂದು ಮೊದಲೇ ಬರೆದಿಟ್ಟ ಕ್ರಮವೇ ಕ್ಲಿನಿಕಲ್ ಪಾಥ್‌ವೇ. ಎದೆನೋವಿನ ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯದ ರಕ್ತನಾಳ ಪೂರ್ತಿ ಮುಚ್ಚಿದೆ ಎಂದು ಕಂಡುಬಂದರೆ, ಆಂಜಿಯೋಪ್ಲಾಸ್ಟಿ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಸುಮಾರು 90 ನಿಮಿಷದೊಳಗೆ ಅದನ್ನು ತೆರೆಯುವುದು ಗುರಿ. ಆ ಸೌಲಭ್ಯ ಬೇಗ ಸಿಗದ ಊರಿನಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ.

ಮೊದಲ ಇಸಿಜಿ ನಾರ್ಮಲ್ ಬಂದರೂ ಮತ್ತೆ ಇಸಿಜಿ ಮಾಡುವುದು, ಕೆಲವು ಗಂಟೆ ಬಿಟ್ಟು ಟ್ರೋಪೋನಿನ್ ರಕ್ತ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುವುದು ಕೂಡ ಈ ಕ್ರಮದ ಭಾಗ. ಏಕೆಂದರೆ ಆರಂಭದಲ್ಲಿ ಎರಡೂ ಸರಿಯಾಗಿಯೇ ಕಾಣಬಹುದು. ‘ಒಂದು ಇಸಿಜಿ ನಾರ್ಮಲ್, ಹಾಗಾದರೆ ಗ್ಯಾಸ್ಟ್ರಿಕ್’ ಎನ್ನುವ ತೀರ್ಮಾನ ತಪ್ಪು.

ಕಲಿತ ವೈದ್ಯರಿಗೂ ಪಟ್ಟಿ ಬೇಕೇ?

ಬೇಕು. ವೈದ್ಯರಿಗೆ ಗೊತ್ತಿಲ್ಲ ಎಂದಲ್ಲ. ಮಧ್ಯರಾತ್ರಿ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹತ್ತು ರೋಗಿಗಳಿದ್ದಾಗ ಗೊತ್ತಿರುವುದೂ ತಪ್ಪಿಹೋಗಬಹುದು. ಆಸ್ಪಿರಿನ್ ಅನ್ನೇ ನೋಡಿ. 17,187 ರೋಗಿಗಳ ಮೇಲೆ ನಡೆದ ಐಸಿಸ್-2 ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಆಸ್ಪಿರಿನ್ ಪಡೆದವರಲ್ಲಿ ಐದು ವಾರಗಳೊಳಗಿನ ಹೃದಯ-ರಕ್ತನಾಳ ಸಂಬಂಧಿ ಸಾವು ಶೇ 23ರಷ್ಟು ಕಡಿಮೆ ಎಂದು ಅದು ತೋರಿಸಿತು. ಮಾತ್ರೆಯ ಬೆಲೆ ತೀರಾ ಕಡಿಮೆ. ಆದರೂ ಅದು ಪ್ರತಿ ರೋಗಿಗೂ ಸರಿಯಾದ ಹೊತ್ತಿಗೆ ಸಿಗುವಂತೆ ನೋಡಿಕೊಳ್ಳಲು ಒಂದು ವ್ಯವಸ್ಥೆ ಬೇಕಾಗುತ್ತದೆ.

ಬ್ರೆಜಿಲ್‌ನ 34 ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಲ್ಲಿ ಇದನ್ನು ಪರೀಕ್ಷಿಸಲಾಯಿತು. ಕೆಲವು ಆಸ್ಪತ್ರೆಗಳಿಗೆ ನೆನಪಿನ ಚೀಟಿ, ಚೆಕ್‌ಲಿಸ್ಟ್, ರೋಗಿಯ ಅಪಾಯದ ಮಟ್ಟ ಸೂಚಿಸುವ ಬಣ್ಣದ ಕೈಪಟ್ಟಿ ಕೊಡಲಾಯಿತು. ಅಲ್ಲಿ ಅರ್ಹ ರೋಗಿಗಳ ಪೈಕಿ ಶೇ 67.9 ಮಂದಿಗೆ ಮೊದಲ 24 ಗಂಟೆಯಲ್ಲಿ ಬೇಕಾದ ಎಲ್ಲ ಔಷಧಿಗಳೂ ಸಿಕ್ಕವು. ಉಳಿದ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ 49.5 ಮಾತ್ರ.

ಇದರಿಂದ ಜೀವ ಉಳಿಯುತ್ತದೆಯೇ?

ಇಲ್ಲಿ ಉತ್ಪ್ರೇಕ್ಷೆ ಬೇಡ. ಕೇರಳದ 63 ಆಸ್ಪತ್ರೆಗಳಲ್ಲಿ 2014ರಿಂದ 2016ರವರೆಗೆ 21,374 ರೋಗಿಗಳ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಚೆಕ್‌ಲಿಸ್ಟ್, ಸಿಬ್ಬಂದಿಗೆ ತರಬೇತಿ, ರೋಗಿಗಳಿಗೆ ತಿಳಿವಳಿಕೆ ಎಲ್ಲವೂ ಅದರಲ್ಲಿದ್ದವು. 30 ದಿನದೊಳಗೆ ಸಾವು, ಮತ್ತೆ ಹಾರ್ಟ್ ಅಟ್ಯಾಕ್‌, ಪಾರ್ಶ್ವವಾಯುವಿನಂಥ ಗಂಭೀರ ತೊಂದರೆ ಕಂಡವರು ಹಳೆಯ ಕ್ರಮದಲ್ಲಿ ಶೇ 6.4, ಹೊಸ ಕ್ರಮದಲ್ಲಿ ಶೇ 5.3. ಆದರೆ ಕಾಲ ಕಳೆದಂತೆ ತಾನಾಗಿಯೇ ಆಗುವ ಸುಧಾರಣೆ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಈ ವ್ಯತ್ಯಾಸಕ್ಕೆ ಹೊಸ ಕ್ರಮವೇ ಕಾರಣ ಎಂದು ಹೇಳಲು ಆಗಲಿಲ್ಲ.

ಪಕ್ಕದ ತಮಿಳುನಾಡಿನಲ್ಲಿ ಕ್ರಮವನ್ನು ಆಸ್ಪತ್ರೆಯ ಬಾಗಿಲಿನಿಂದಾಚೆಗೂ ವಿಸ್ತರಿಸಿದರು. ಸಣ್ಣ ಆಸ್ಪತ್ರೆ, ಆಂಬುಲೆನ್ಸ್, ದೊಡ್ಡ ಹೃದ್ರೋಗ ಕೇಂದ್ರ ಮೂರನ್ನೂ ಒಂದೇ ಜಾಲಕ್ಕೆ ಜೋಡಿಸಿದರು. 2,420 ರೋಗಿಗಳ ಈ ಅಧ್ಯಯನದಲ್ಲಿ, ಒಂದು ವರ್ಷದೊಳಗಿನ ಸಾವಿನ ಪ್ರಮಾಣ ಶೇ 17.6ರಿಂದ ಶೇ 14.2ಕ್ಕೆ ಇಳಿಯಿತು. ಇದು ಜಾಲಕ್ಕೆ ಮೊದಲು ಮತ್ತು ನಂತರದ ಹೋಲಿಕೆಯಾದ್ದರಿಂದ ಪೂರ್ತಿ ಶ್ರೇಯ ಜಾಲಕ್ಕೇ ಸೇರುತ್ತದೆ ಎನ್ನಲಾಗದು. ಆದರೂ ಆಸ್ಪತ್ರೆಯೊಳಗಿನ ಪಟ್ಟಿಯಷ್ಟೇ, ರೋಗಿ ಆಸ್ಪತ್ರೆ ತಲುಪುವ ದಾರಿಯೂ ಮುಖ್ಯ ಎಂಬ ಸೂಚನೆ ಇದರಲ್ಲಿದೆ.

ಕರ್ನಾಟಕದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ಮಾದರಿಯದು. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ಕೇಂದ್ರದ ತಜ್ಞರಿಗೆ ಕಳುಹಿಸಲಾಗುತ್ತದೆ. ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ.

ಹಾಗಾದರೆ ನಾವು ಏನು ಮಾಡಬೇಕು?

* ಎದೆಯಲ್ಲಿ ಒತ್ತಿದಂತೆ ನೋವು, ತೋಳು, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ಮಹಿಳೆಯರು, ವಯಸ್ಸಾದವರು ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಅಷ್ಟಾಗಿ ಇಲ್ಲದೆಯೂ ಹಾರ್ಟ್ ಅಟ್ಯಾಕ್ ಆಗಬಹುದು.
* ಜೋರಾಗಿ ಕೆಮ್ಮಿದರೆ, ಬಿಸಿನೀರು ಅಥವಾ ಸೋಡಾ ಕುಡಿದರೆ ಹಾರ್ಟ್ ಅಟ್ಯಾಕ್ ನಿಲ್ಲುವುದಿಲ್ಲ. ಅಮೂಲ್ಯ ಸಮಯ ಮಾತ್ರ ಹಾಳಾಗುತ್ತದೆ.
* ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲ ಮೂರು ಗಂಟೆಯೊಳಗೆ ಹೆಚ್ಚು ಕೆಲಸ ಮಾಡುತ್ತದೆ. ಬೆಳಗಾಗಲಿ ನೋಡೋಣ ಎಂದು ಕಾಯಬೇಡಿ.
* ಆಸ್ಪತ್ರೆಯಲ್ಲಿ ‘ಇಸಿಜಿ ಆಯಿತೇ? ಏನು ಬಂತು? ಮತ್ತೆ ಯಾವಾಗ ಮಾಡುತ್ತೀರಿ?’ ಎಂದು ಕೇಳಿ. ಇದು ನಿಮ್ಮ ಹಕ್ಕು.
* ರಕ್ತಸ್ರಾವದ ತೊಂದರೆ, ಆಸ್ಪಿರಿನ್ ಅಲರ್ಜಿ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ತಪ್ಪದೆ ಹೇಳಿ. ಪಾಥ್‌ವೇ ಇದ್ದರೂ ಇಂಥವರಿಗೆ ವೈದ್ಯರು ಚಿಕಿತ್ಸೆ ಬದಲಿಸುತ್ತಾರೆ.
* ಬಿಡುಗಡೆಯಾದ ಮೇಲೆ ಬರೆದುಕೊಟ್ಟ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಬಿಲ್‌ನಲ್ಲಿ ಅನುಮಾನ ಬಂದರೆ ವಿವರ ಕೇಳುವುದು ಸರಿ. ಆದರೆ ಆ ಅನುಮಾನಕ್ಕಾಗಿ ಇಸಿಜಿಯನ್ನು ತಡಮಾಡಬೇಡಿ. ನೋವು ಶುರುವಾದಾಗಿನಿಂದ ಆಸ್ಪತ್ರೆ ತಲುಪುವವರೆಗಿನ ಸಮಯವನ್ನು ಉಳಿಸುವುದು ನಮ್ಮ, ನಿಮ್ಮ ಕೈಯಲ್ಲೇ ಇದೆ.