ದೇವಾಲಯ ಕಟ್ಟಲು ಅಪ್ಪಣೆ: ಬಿದನೂರಿನ ದರ್ಬಾರಿನಿಂದ ಮಹಾನಗರಪಾಲಿಕೆಯವರೆಗೆ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಅಡಿಗಲ್ಲನ್ನು ಆಶೀರ್ವದಿಸಿದ ಧರ್ಮಾಧ್ಯಕ್ಷರ ಹೆಸರಿರುತ್ತದೆ. ಗಂಟೆಯನ್ನು ತರಿಸಿಕೊಟ್ಟ ದಾನಿಗಳ ಹೆಸರಿರುತ್ತದೆ. ಬಲಿಪೀಠದ ಕಲ್ಲು ಎಲ್ಲಿಂದ ಬಂತೆಂಬುದೂ ಇರುತ್ತದೆ. ಆದರೆ ಅಡಿಗಲ್ಲಿಗೂ ಮೊದಲು ಯಾರೋ ಒಬ್ಬರು ಅರ್ಜಿಯೊಂದನ್ನು ಬರೆದು, ಕಚೇರಿಯೊಂದರ ಮೆಟ್ಟಿಲೇರಿ, ಇಲ್ಲಿ ಕಟ್ಟಬಹುದೇ ಎಂದು ಕೇಳಿ, ಉತ್ತರಕ್ಕಾಗಿ ಕಾದಿದ್ದರೆಂಬ ಸಂಗತಿಯನ್ನು ಬರೆಯುವವರು ವಿರಳ. ಪ್ರಿಯ ಭಕ್ತಬಾಂಧವರೇ, ಈ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ಚರಿತ್ರೆಯ ಲೇಖನವೊಂದನ್ನು ಬಯಸಿದಾಗ, ಆ ಅರ್ಜಿಯ ಚರಿತ್ರೆಯನ್ನೇ ಬರೆಯುವುದು ಉಚಿತವೆಂದು ನಮಗೆ ತೋರಿತು. ಕಾರಣವನ್ನು ಲೇಖನವು ಮುಂದುವರಿದಂತೆ ವಾಚಕರು ತಾವೇ ಕಾಣುವರು.

ಕಟ್ಟಡದ ಪರವಾನಗಿ ಎಂಬುದು ನಗರಸಭೆಗಳು ನಿನ್ನೆ ಮೊನ್ನೆ ಹುಟ್ಟಿಸಿದ ಪೀಡೆಯೆಂದು ಭಾವಿಸುವವರು ಪವಿತ್ರ ಗ್ರಂಥದಲ್ಲಿ ಎಜ್ರನ ಗ್ರಂಥವನ್ನು ತೆರೆದು ನೋಡಬೇಕು. ಸೆರೆಯಿಂದ ಹಿಂದಿರುಗಿದ ಯೆಹೂದ್ಯರು ಜೆರುಸಲೇಮಿನ ದೇವಾಲಯವನ್ನು ಪುನಃ ಕಟ್ಟುತ್ತಿದ್ದಾಗ, ನದಿಯಾಚೆಯ ಪ್ರಾಂತದ ರಾಜ್ಯಪಾಲನಾದ ತತ್ತೆನೈ ಸ್ಥಳಕ್ಕೆ ಬಂದು ಕೇಳಿದ ಪ್ರಶ್ನೆ ಒಂದೇ: ಇದನ್ನು ಕಟ್ಟಲು ನಿಮಗೆ ಅಪ್ಪಣೆ ಕೊಟ್ಟವರು ಯಾರು? ಕಟ್ಟುತ್ತಿರುವವರ ಹೆಸರುಗಳನ್ನೂ ಅವನು ವಿಚಾರಿಸಿದನು. ಇಂದಿನ ಸ್ಥಳ ತನಿಖೆಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಯೆಹೂದ್ಯರ ಹಿರಿಯರು, ತಮಗೆ ಸೈರಸ್ ಅರಸನ ಅಪ್ಪಣೆಯಿದೆ ಎಂದು ಬಾಯಿಮಾತಿನಲ್ಲಿ ಹೇಳಿದರು. ಕಾಗದ ಅವರ ಕೈಯಲ್ಲಿರಲಿಲ್ಲ. ವಿಷಯವು ದಾರ್ಯಾವೆಷ ಅರಸನವರೆಗೆ ಹೋಯಿತು, ದಾಖಲೆಗಳನ್ನು ಹುಡುಕಿಸಲಾಯಿತು, ಕಡೆಗೆ ಮೇದ್ಯರ ಸೀಮೆಯ ಎಕ್ಬತಾನದಲ್ಲಿ ಸುರುಳಿಯೊಂದು ಸಿಕ್ಕಿತು. ಅದರಲ್ಲಿ ಅಪ್ಪಣೆ ಮಾತ್ರವಲ್ಲ, ಅಳತೆಯೂ ಇತ್ತು: ಎತ್ತರ 60 ಮೊಳ, ಅಗಲ 60 ಮೊಳ, ದೊಡ್ಡ ಕಲ್ಲಿನ ಮೂರು ವರಸೆ, ಮರದ ಒಂದು ವರಸೆ. ಅದನ್ನು ಮಂಜೂರಾದ ನಕ್ಷೆಯೆನ್ನದೆ ಮತ್ತೇನೆನ್ನೋಣ? ಆ ಸುರುಳಿಯನ್ನು ಜೋಪಾನ ಮಾಡಿದ ಗುಮಾಸ್ತನ ಹೆಸರು ಗ್ರಂಥದಲ್ಲಿಲ್ಲ. ಆದರೆ ಅವನ ದೆಸೆಯಿಂದ ದೇವಾಲಯ ಉಳಿಯಿತು.

ನೆಹೆಮೀಯನು ಇನ್ನೂ ಜಾಣ. ಅವನು ಹೊರಡುವ ಮುಂಚೆಯೇ ಅರಸನಿಂದ ಪತ್ರಗಳನ್ನು ಬರೆಯಿಸಿಕೊಂಡನು; ಅವುಗಳಲ್ಲೊಂದು ಅರಸನ ಅರಣ್ಯಪಾಲಕನಾದ ಆಸಾಫನಿಗೆ, ಬಾಗಿಲು ತೊಲೆಗಳಿಗೆ ಮರ ಕೊಡುವಂತೆ. ಮಲೆನಾಡಿನವರಾದ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮ ಜಿಲ್ಲೆಯ ನೆಲದಲ್ಲಿ ನಿಂತು ದೇವಾಲಯಗಳಿಗೆ ಅಪ್ಪಣೆ ಕೊಟ್ಟ ಅರಸೊತ್ತಿಗೆಯೊಂದಿತ್ತೆಂಬುದು ನಮ್ಮ ಯುವಕರಲ್ಲಿ ಅನೇಕರಿಗೆ ತಿಳಿಯದು. ಕೆಳದಿಯ ಅರಸರು, ಬಿದನೂರನ್ನು, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು ರಾಜಧಾನಿಯಾಗಿಸಿಕೊಂಡು, ಘಟ್ಟದ ಕೆಳಗಿನ ಕರಾವಳಿಯನ್ನೂ ಆಳುತ್ತಿದ್ದರು. ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರ ಸುಮಾರಿಗೆ, ಮೆಣಸು ಅಕ್ಕಿಗಳ ವ್ಯಾಪಾರದ ಸಂಬಂಧವಾಗಿ ಪೋರ್ಚುಗೀಸರೊಡನೆ ಒಪ್ಪಂದವಾಯಿತು. ಅದರಲ್ಲಿ ಮಿರ್ಜಾನ್, ಚಂದಾವರ, ಕಲ್ಯಾಣಪುರ ಮೊದಲಾದ ಸ್ಥಳಗಳಲ್ಲಿ ಕಥೋಲಿಕ ದೇವಾಲಯಗಳನ್ನು ಕಟ್ಟಲು ಅನುಮತಿಯೂ ಸೇರಿತ್ತು. ವೀರಶೈವ ಮನೆತನದ ರಾಣಿಯೊಬ್ಬಳು ಕ್ರೈಸ್ತರಿಗೆ ಕೊಟ್ಟ ಈ ಅಪ್ಪಣೆಯು ವ್ಯಾಪಾರದ ಲೆಕ್ಕಾಚಾರದಿಂದ ಬಂದದ್ದೇ ಸರಿ. ಹಾಗೆಂದು ಅದರ ಬೆಲೆ ಕಡಮೆಯಾಗುವುದಿಲ್ಲ. ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯವು ತನ್ನ ಹುಟ್ಟನ್ನು ಅದೇ 1678ರಿಂದ ಎಣಿಸುತ್ತದೆ. 2012ರಲ್ಲಿ ಉಡುಪಿ ಧರ್ಮಪ್ರಾಂತ ಸ್ಥಾಪನೆಯಾದಾಗ ಅದು ಪ್ರಧಾನಾಲಯವಾಯಿತು. ಅಲ್ಲಿಯ ಪ್ರಥಮ ಧರ್ಮಾಧ್ಯಕ್ಷರಾಗಿ ಹೋದವರು ಅಲ್ಲಿಯವರೆಗೆ ನಮ್ಮ ಶಿವಮೊಗ್ಗದ ಧರ್ಮಾಧ್ಯಕ್ಷರಾಗಿದ್ದ ಪೂಜ್ಯ ಜೆರಾಲ್ಡ್ ಐಸಾಕ್ ಲೋಬೊರವರೇ. ಘಟ್ಟದ ಮೇಲಿನಿಂದ ಇಳಿದುಹೋದ ಅಪ್ಪಣೆಯ ಬೆನ್ನಿಗೆ, ಮುನ್ನೂರು ಮೂವತ್ತು ವರ್ಷಗಳು ಕಳೆದ ಮೇಲೆ, ಘಟ್ಟದ ಮೇಲಿನಿಂದ ಕುರುಬರೊಬ್ಬರೂ ಇಳಿದುಹೋದರೆನ್ನಬಹುದು.

ಅರಸನ ಅಪ್ಪಣೆಯೊಂದೇ ಸಾಲದು. ಧರ್ಮಸಭೆಯ ಅಪ್ಪಣೆಯೂ ಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1215ನೆಯ ಸೂತ್ರದ ಪ್ರಕಾರ, ಧರ್ಮಾಧ್ಯಕ್ಷರ ಸ್ಪಷ್ಟವಾದ ಲಿಖಿತ ಸಮ್ಮತಿಯಿಲ್ಲದೆ ಯಾವ ದೇವಾಲಯವನ್ನೂ ಕಟ್ಟಕೂಡದು. ಆ ಸಮ್ಮತಿಯನ್ನು ಕೊಡುವ ಮೊದಲು ಅವರು ಗುರುಗಳ ಮಂಡಳಿಯನ್ನೂ ನೆರೆಯ ದೇವಾಲಯಗಳ ಗುರುಗಳನ್ನೂ ವಿಚಾರಿಸಿ, ಕಟ್ಟುವುದಕ್ಕೂ ಮುಂದೆ ನಡೆಸಿಕೊಂಡು ಹೋಗುವುದಕ್ಕೂ ಹಣ ಒದಗೀತೇ ಎಂಬುದನ್ನು ನೋಡಬೇಕು. 1917ರ ಹಳೆಯ ಸಂಹಿತೆಯಲ್ಲಿಯೂ ಇದೇ ಅರ್ಥದ ವಿಧಿಯಿತ್ತು. ಆದುದರಿಂದ ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಎರಡು ಬಾಗಿಲುಗಳನ್ನು ತಟ್ಟಬೇಕಾಗಿತ್ತು. ಧರ್ಮಾಧ್ಯಕ್ಷರ ಬಾಗಿಲಾದರೂ ಹತ್ತಿರದಲ್ಲಿತ್ತೇ? ಇಲ್ಲ. 1886ರಲ್ಲಿ ಸ್ಥಾಪಿತವಾದ ಮೈಸೂರು ಧರ್ಮಕ್ಷೇತ್ರದ ಪೀಠ ಆಗ ಇದ್ದದ್ದು ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು ಪ್ರತ್ಯೇಕವಾಯಿತು. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರವಾಯಿತು. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರವಾಯಿತು. ಹೀಗಾಗಿ ಈ ಭಾಗದ ಹಳೆಯ ದೇವಾಲಯವೊಂದರ ಕಾಗದವನ್ನು ಹುಡುಕುವವನು ಒಂದಲ್ಲ, ಹಲವು ಊರುಗಳ ಬೀರುಗಳನ್ನು ತೆರೆಯಿಸಬೇಕಾಗುತ್ತದೆ. ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಹಿರಿಯ ಗುರುಗಳು ಬರೆದುದೆಲ್ಲ ಫ್ರೆಂಚಿನಲ್ಲಿ. ಸರ್ಕಾರಕ್ಕೆ ಬರೆದದ್ದು ಇಂಗ್ಲಿಷಿನಲ್ಲಿ. ಶಾನುಭೋಗರು ಬರೆದದ್ದು ಮೋಡಿಯಂತಹ ಕನ್ನಡದಲ್ಲಿ. ಮೂರನ್ನೂ ಓದಬಲ್ಲವರು ಈಗ ನಮ್ಮಲ್ಲಿ ಎಷ್ಟು ಮಂದಿ?

ಸರ್ಕಾರದ ಬಾಗಿಲಿನ ವಿಚಾರ. ಮೈಸೂರು ಸಂಸ್ಥಾನದಲ್ಲಿ 1906ರ ಮುನಿಸಿಪಲ್ ರೆಗ್ಯುಲೇಷನ್ ಬಂದಿತು. 1933ರಲ್ಲಿ ನಗರಗಳಿಗೂ ಪಟ್ಟಣಗಳಿಗೂ ಬೇರೆ ಬೇರೆ ಮುನಿಸಿಪಾಲಿಟಿ ಕಾನೂನುಗಳಾದವು. ಆ ಕಾಲದ ಕಾಳಜಿ ಮುಖ್ಯವಾಗಿ ಬೀದಿ, ಚರಂಡಿ, ಗಾಳಿ, ಬೆಳಕು ಇವುಗಳದು. ಪ್ಲೇಗಿನ ಭಯ ಇನ್ನೂ ಜನರ ನೆನಪಿನಲ್ಲಿದ್ದ ದಿನಗಳವು. ಬೀದಿಯನ್ನು ಒತ್ತದಂತೆ, ನೆರೆಯವನ ಕಿಟಕಿಯನ್ನು ಮುಚ್ಚದಂತೆ ಕಟ್ಟಿದರೆ ಹೆಚ್ಚಿನ ತಕರಾರು ಬರುತ್ತಿರಲಿಲ್ಲ.

ಭದ್ರಾವತಿಯ ಕತೆ ಬೇರೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಧರ್ಮಕೇಂದ್ರದ ಎಷ್ಟೋ ಕುಟುಂಬಗಳ ಬೇರು ಅಲ್ಲಿದೆ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಪ್ರಾರಂಭವಾಗಿ, 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ಆ ವರ್ಷದಿಂದಲೇ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ನಷ್ಟದಲ್ಲಿದ್ದ ಕಾರ್ಖಾನೆಯನ್ನು ನೆಲೆಗೊಳಿಸಿದರು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಕೆಲಸ ಅರಸಿ ತಮಿಳುನಾಡಿನಿಂದ, ಕೇರಳದಿಂದ, ಕರಾವಳಿಯಿಂದ ಬಂದವರಲ್ಲಿ ನಮ್ಮವರೂ ಇದ್ದರು. ಹಳೆಯ ಪಟ್ಟಣ ಪುರಸಭೆಯದು. ಆದರೆ ನ್ಯೂಟೌನ್, ಪೇಪರ್ ಟೌನ್ ಎಂದು ಬೆಳೆದ ಬಡಾವಣೆಗಳಲ್ಲಿ ನೆಲವೂ ಮನೆಯೂ ದಾರಿಯ ದೀಪವೂ ಕಾರ್ಖಾನೆಯದು. ಅಲ್ಲಿ ಒಂದು ಗೋಡೆ ಎಬ್ಬಿಸಬೇಕಾದರೂ ಕೇಳಬೇಕಾದದ್ದು ಕಾರ್ಖಾನೆಯ ಎಸ್ಟೇಟ್ ಕಚೇರಿಯನ್ನು. ಕೊಡುವವರು ಉದಾರಿಗಳಾಗಿದ್ದರೆ ಒಂದು ಮಾತಿನಲ್ಲಿ ಜಾಗ ದೊರೆಯುತ್ತಿತ್ತು. ಈ ಸೌಲಭ್ಯದಲ್ಲಿಯೇ ಮುಂದಿನ ತೊಡಕು ಅಡಗಿತ್ತು. ಒಡೆಯನೊಬ್ಬನೇ ಇರುವಾಗ ಬಾಯಿಮಾತಿನ ಅಪ್ಪಣೆ ಸಾಕೆನಿಸುತ್ತದೆ. ಒಡೆಯ ಬದಲಾದಾಗ ಬಾಯಿಮಾತಿಗೆ ಸಾಕ್ಷಿಯಿಲ್ಲ. ಕಬ್ಬಿಣದ ಕಾರ್ಖಾನೆ ಸಂಸ್ಥಾನದಿಂದ ರಾಜ್ಯ ಸರ್ಕಾರಕ್ಕೆ, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಗಿ, 1998ರಲ್ಲಿ ಅದರಲ್ಲಿಯೇ ಲೀನವಾಯಿತು. ಕಾಗದದ ಕಾರ್ಖಾನೆ 2015ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. ಇಂತಹ ಊರಿನಲ್ಲಿ ಯಾವ ಮತದವರ ಪೂಜಾಸ್ಥಳವಾದರೂ ಸರಿ, ಅದರ ಅಡಿಯ ನೆಲ ಯಾವ ಕರಾರಿನ ಮೇಲೆ ಬಂತೆಂಬುದು ವೃದ್ಧರ ನೆನಪಿನ ಮಾತಾಗಿ ಉಳಿಯಕೂಡದು.

ಹಳೆಯ ಕಾಲದವರಿಗೆ ನೆನಪಿರಬಹುದಾದ ಇನ್ನೊಂದು ಅಪ್ಪಣೆ ಸಿಮೆಂಟಿನದು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಿಮೆಂಟು ನಿಯಂತ್ರಣದ ವಸ್ತುವಾಗಿತ್ತು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ನಿಯಂತ್ರಣ ತೆಗೆಯಲಾಯಿತು. ಭದ್ರಾವತಿಯ ಕಾರ್ಖಾನೆಯಲ್ಲಿಯೇ ಸಿಮೆಂಟು ತಯಾರಾಗುತ್ತಿತ್ತು. ಆದರೂ ಅದರ ಹೊಗೆಯನ್ನು ಕುಡಿಯುತ್ತಿದ್ದವರು ಮೂಟೆಗಾಗಿ ಪರ್ಮಿಟ್ಟಿನ ಸಾಲಿನಲ್ಲಿ ನಿಲ್ಲಬೇಕಾಗಿತ್ತು! ಆ ವರ್ಷಗಳಲ್ಲಿ ಕಟ್ಟಿದ ದೇವಾಲಯಗಳಲ್ಲಿ ಮಾಳಿಗೆ ಬಹಳ ದಿನ ಅರ್ಧಕ್ಕೆ ನಿಂತಿದ್ದರೆ, ಭಕ್ತಿಯ ಕೊರತೆಯೆಂದು ದೂರದಿರೋಣ.

ರಾಜ್ಯದ ಏಕೀಕರಣದ ಬಳಿಕ ಕಾನೂನಿನ ದೃಷ್ಟಿ ವಿಶಾಲವಾಯಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು 1965ರಿಂದ ಜಾರಿಗೆ ಬಂದು, ಒಂದು ಕಟ್ಟಡ ಹೇಗಿದೆ ಎಂಬುದರ ಜೊತೆಗೆ, ಊರಿನ ನಕ್ಷೆಯಲ್ಲಿ ಅದು ಎಲ್ಲಿದೆ ಎಂಬುದನ್ನೂ ಕೇಳತೊಡಗಿತು. 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ, ಸಾಗುವಳಿಯ ಜಮೀನಿನಲ್ಲಿ ಕಟ್ಟುವ ಮುನ್ನ ಭೂಪರಿವರ್ತನೆ ಆಗಬೇಕು. ಭಕ್ತರೊಬ್ಬರು ಗದ್ದೆಯನ್ನು ದಾನ ಕೊಟ್ಟ ಮಾತ್ರಕ್ಕೆ ಗದ್ದೆ ನಿವೇಶನವಾಗುವುದಿಲ್ಲ. ಭದ್ರಾವತಿ ನಗರಸಭೆಯಲ್ಲಿ 1964ರ ಪುರಸಭೆಗಳ ಅಧಿನಿಯಮವೂ, 2013ರಲ್ಲಿ ಮಹಾನಗರಪಾಲಿಕೆಯಾದ ಶಿವಮೊಗ್ಗದಲ್ಲಿ 1976ರ ಮಹಾನಗರಪಾಲಿಕೆಗಳ ಅಧಿನಿಯಮವೂ ಅನ್ವಯಿಸುತ್ತವೆ. ಎರಡೂ ಊರುಗಳನ್ನು ಒಂದೇ ಯೋಜನೆಯಲ್ಲಿ ಹಿಡಿಯುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ. ಪಾಲಿಕೆಯ ಕಾನೂನಿನ 299ನೆಯ ಪ್ರಕರಣದ ಪ್ರಕಾರ ಅರ್ಜಿಯೊಡನೆ ನಿವೇಶನದ ನಕ್ಷೆ, ಕಟ್ಟಡದ ನಕ್ಷೆ, ವಿವರಗಳನ್ನು ಕೊಡಬೇಕು. ವ್ಯವಹಾರದಲ್ಲಿ ಇದರರ್ಥ: ಕ್ರಯಪತ್ರ ಅಥವಾ ದಾನಪತ್ರ, ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ, ಸರ್ವೆ ನಕಾಶೆ, ಇಂಜಿನಿಯರರ ಸಹಿಯುಳ್ಳ ಪ್ಲಾನು, ಸುತ್ತ ಬಿಡಬೇಕಾದ ಜಾಗದ ಲೆಕ್ಕ. ಮುಗಿದ ಮೇಲೆ 310ನೆಯ ಪ್ರಕರಣದಂತೆ ಪೂರ್ಣತಾ ಪತ್ರವನ್ನೂ ಪಡೆಯಬೇಕು. ನಮ್ಮವರಲ್ಲಿ ಬಹುಮಂದಿ ಈ ಕೊನೆಯ ಹೆಜ್ಜೆಯನ್ನು ಮರೆಯುತ್ತಾರೆ, ಏಕೆಂದರೆ ಅಷ್ಟರಲ್ಲಿ ಉದ್ಘಾಟನೆಯ ಊಟ ಮುಗಿದಿರುತ್ತದೆ.

ಈ ಪಟ್ಟಿಯಲ್ಲಿ ನಮ್ಮ ದೇವಾಲಯಗಳು ಎಡವುವುದು ಪ್ಲಾನಿನಲ್ಲಲ್ಲ, ಖಾತೆಯಲ್ಲಿ. ನಾವು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರಲ್ಲಿ ದೇವಾಲಯದ ಹಿಂಬದಿಗೆ ಧರ್ಮೋಪದೇಶದ ಎರಡು ಕೊಠಡಿಗಳನ್ನು ಸೇರಿಸಲು ಅರ್ಜಿ ಹಾಕಿದೆವು. ಟಪಾಲಿನಲ್ಲಿ ಬಂದ ಉತ್ತರ ಒಂದೇ ಸಾಲಿನದು: ಖಾತೆದಾರರ ಸಹಿ ಬೇಕು. ಖಾತೆದಾರರು ಯಾರು? ಐವತ್ತು ವರ್ಷಗಳ ಹಿಂದೆ ದೈವಾಧೀನರಾದ ಗುರುಗಳೊಬ್ಬರು! ಅವರು ತಮ್ಮ ಕಾಲದಲ್ಲಿ ಧರ್ಮಸಭೆಗಾಗಿಯೇ ಕೊಂಡ ಜಾಗವನ್ನು, ಬೇರೆ ದಾರಿ ತೋರದೆ, ತಮ್ಮ ಹೆಸರಿನಲ್ಲಿ ಬರೆಸಿದ್ದರು. ಅವರ ಊರಿನ ಬಂಧುಗಳು ಸಜ್ಜನರು. ಹಕ್ಕು ಬಿಡುಗಡೆಯ ಪತ್ರಕ್ಕೆ ಸಹಿ ಮಾಡಿಕೊಟ್ಟರು. ಎಲ್ಲ ಬಂಧುಗಳೂ ಹಾಗೆಯೇ ಇರುತ್ತಾರೆಂದು ಯಾರು ಹೇಳಬಲ್ಲರು? ಆ ಎರಡು ಕೊಠಡಿಗಳ ಅಸ್ತಿಭಾರಕ್ಕೆ ಮೊದಲು ನಾಲ್ಕು ವರ್ಷಗಳು ಹೋದವು. ಅಷ್ಟರಲ್ಲಿ ಆ ಕೊಠಡಿಯಲ್ಲಿ ಕುಳಿತು ಪರಮಪ್ರಸಾದಕ್ಕೆ ಸಿದ್ಧರಾಗಬೇಕಾಗಿದ್ದ ಮಕ್ಕಳು ಹೈಸ್ಕೂಲು ಸೇರಿದ್ದರು. ಧರ್ಮಸಭೆಯ ಸಂಹಿತೆಯ 1284ನೆಯ ಸೂತ್ರವು, ಆಸ್ತಿಯ ಒಡೆತನವನ್ನು ನಾಡಿನ ಕಾನೂನಿಗೆ ಒಪ್ಪುವ ರೀತಿಯಲ್ಲಿ ಭದ್ರಪಡಿಸಬೇಕೆಂದೂ, ನಾಡಿನ ಕಾನೂನನ್ನು ಪಾಲಿಸದಿರುವುದರಿಂದ ಧರ್ಮಸಭೆಗೆ ಹಾನಿಯಾಗದಂತೆ ನೋಡಿಕೊಳ್ಳಬೇಕೆಂದೂ ಆಡಳಿತಗಾರರಿಗೆ ವಿಧಿಸಿರುವುದು ಇಂತಹ ಅನುಭವಗಳಿಂದಲೇ ಇರಬೇಕು.

ನೆರೆಹೊರೆಯವರ ಆಕ್ಷೇಪಣೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಪೂಜಾಸ್ಥಳದ ಅರ್ಜಿ ಬಂದಾಗ ಮನೆಯ ಅರ್ಜಿಗಿಂತ ಹೆಚ್ಚು ಕಣ್ಣುಗಳು ಅದರ ಮೇಲೆ ಬೀಳುತ್ತವೆ. ಕೆಲವು ಆಕ್ಷೇಪಣೆಗಳಲ್ಲಿ ದ್ವೇಷವಿರಬಹುದು. ಆದರೆ ಭಾನುವಾರದ ವಾಹನಗಳು, ಧ್ವನಿವರ್ಧಕ, ಹಬ್ಬದ ರಾತ್ರಿಯ ಪಟಾಕಿ ಇವುಗಳ ದೂರು ನಿಜವಾದ ದೂರೇ. 2009ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಬೀದಿ, ಉದ್ಯಾನ, ಸ್ಥಳಗಳಲ್ಲಿ ದೇವಸ್ಥಾನ, ಮಸೀದಿ, ಇಗರ್ಜಿ, ಗುರುದ್ವಾರಗಳನ್ನು ಅನಧಿಕೃತವಾಗಿ ಕಟ್ಟಲು ಬಿಡಕೂಡದೆಂದು ಆಜ್ಞಾಪಿಸಿತು. 2021ರಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ದೇವಸ್ಥಾನವೊಂದನ್ನು ತೆರವುಗೊಳಿಸಿದ್ದು ಗದ್ದಲಕ್ಕೆ ಕಾರಣವಾಗಿ, ಈಗಾಗಲೇ ಇರುವ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗೆ ರಾಜ್ಯವು ಅದೇ ವರ್ಷ ಅಧಿನಿಯಮವೊಂದನ್ನು ಮಾಡಿತು. ಅದು ಇದ್ದುದಕ್ಕೆ ರಕ್ಷೆ, ಹೊಸದಕ್ಕೆ ರಹದಾರಿಯಲ್ಲ. ಬೀದಿಯ ಮೂಲೆಯಲ್ಲಿ ಮಾತೆಯ ಗವಿಯೊಂದನ್ನು ರಾತ್ರೋರಾತ್ರಿ ಎಬ್ಬಿಸೋಣವೆಂದು ಉತ್ಸಾಹದಿಂದ ನಮ್ಮಲ್ಲಿಗೆ ಬರುವ ತರುಣರಿಗೆ ನಾವು ಸಮ್ಮತಿ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಡೆಯುವ ವೃದ್ಧೆಯನ್ನು ಕಾಲುದಾರಿಯಿಂದ ಕೆಳಗಿಳಿಸಿ ನಿಲ್ಲುವ ಗವಿಯಲ್ಲಿ ಮಾತೆಗೆ ಯಾವ ಗೌರವ?

ನಮ್ಮ ದೇವಾಲಯದ ಕಾಗದಗಳ ಸ್ಥಿತಿ ಹೀಗಿದೆ. ಗುರುಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುವವನ್ನೆಲ್ಲ ಪಾಲನಾ ಪರಿಷತ್ತಿನವರೊಡನೆ ಕುಳಿತು ಪಟ್ಟಿ ಮಾಡಿದ್ದೇವೆ; ಕಂದಾಯದ ರಸೀತಿಗಳು ಬಹುಮಟ್ಟಿಗೆ ಇವೆ, ನಡುವೆ ಕೆಲವು ವರ್ಷಗಳವು ಗೆದ್ದಲು ತಿಂದಿವೆ. ಮೊದಲ ಕಟ್ಟಡದ ನಕ್ಷೆ ಮಾತ್ರ ದೊರೆತಿಲ್ಲ. ಶತಮಾನೋತ್ಸವದ ಸಭಾಭವನಕ್ಕೆ ಅರ್ಜಿ ಹಾಕುವ ಮುನ್ನ ಅದು ಸಿಕ್ಕಿದರೆ ಬಹಳ ಉಪಕಾರವಾದೀತು. ಆ ಕಾಲದಲ್ಲಿ ಮೇಸ್ತ್ರಿಗಳಾಗಿ, ಗುತ್ತಿಗೆದಾರರಾಗಿ, ಉಪದೇಶಿಗಳಾಗಿ ದುಡಿದವರ ಮೊಮ್ಮಕ್ಕಳು ಈಗಲೂ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಅಟ್ಟದಲ್ಲಿ, ಟ್ರಂಕಿನ ತಳದಲ್ಲಿ, ಹಳೆಯ ಪ್ರಾರ್ಥನಾ ಪುಸ್ತಕದ ನಡುವೆ, ನೀಲಿ ಬಣ್ಣದ ನಕ್ಷೆಯಾಗಲಿ, ಕೂಲಿ ಲೆಕ್ಕದ ಪುಸ್ತಕವಾಗಲಿ, ಮೊಹರು ಬಿದ್ದ ಯಾವುದೇ ಹಾಳೆಯಾಗಲಿ ಇದ್ದಲ್ಲಿ ದಯವಿಟ್ಟು ತಂದುಕೊಡಬೇಕೆಂದು ಕೋರುತ್ತೇವೆ. ಹರಿದಿದ್ದರೂ ಚಿಂತೆಯಿಲ್ಲ. ಪ್ರತಿ ಮಾಡಿಕೊಂಡು ಮೂಲವನ್ನು ಹಿಂದಿರುಗಿಸಲಾಗುವುದು. ಭಾನುವಾರ ಎರಡನೆಯ ಬಲಿಪೂಜೆಯ ನಂತರ ಗುರುಮನೆಯ ಕಚೇರಿ ತೆರೆದಿರುತ್ತದೆ.