ಮನೆಯ ಮಾಳಿಗೆಯಿಂದ ವಿದ್ಯುತ್ ಜಾಲಕ್ಕೆ: ಇಂಜಿನಿಯರುಗಳು ಕಲಿಯಬೇಕಾದ ಎರಡು ಪಾಠಗಳು

ಹೌಸಿಂಗ್ ಸೊಸೈಟಿಯ ತಾರಸಿಯ ಮೇಲೆ ಸೌರಫಲಕಗಳನ್ನು ಅಳವಡಿಸಿಕೊಂಡ ಅನೇಕ ಕುಟುಂಬಗಳು ಕೇಳುವ ಪ್ರಶ್ನೆಯೊಂದಿದೆ. ನಡುಹಗಲು, ಸುಡುಬಿಸಿಲು, ಫಲಕಗಳು ಚೆನ್ನಾಗಿಯೇ ಇವೆ. ಆದರೂ ಬೀದಿಯ ಕರೆಂಟ್ ಹೋದೊಡನೆ ಸೌರವಿದ್ಯುತ್ತೂ ನಿಂತುಹೋಗುವುದೇಕೆ? ಇದು ಯಂತ್ರದ ದೋಷವಲ್ಲ. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಘಟಕ ಹಾಗೆ ನಿಲ್ಲಲೇಬೇಕೆಂಬುದು ನಿಯಮ. ಈ ನಿಯಮದ ಹಿಂದಿನ ಕಾರಣವನ್ನೂ, ಅದು ಕಾಲಕ್ರಮದಲ್ಲಿ ಪಡೆದ ತಿರುವನ್ನೂ ಇಂಜಿನಿಯರುಗಳಿಗೆ ಕಲಿಸುವುದು ಇಂದು ವಿದ್ಯುತ್ ಕ್ಷೇತ್ರದ ದೊಡ್ಡ ಹೊಣೆಯಾಗಿದೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಅದರ ದಾರಿ ಒಂದೇ ದಿಕ್ಕಿನದಾಗಿತ್ತು: ಉತ್ಪಾದಿಸುವ ಸ್ಥಳದಿಂದ ಬಳಸುವ ಸ್ಥಳಕ್ಕೆ. ಮುಂದೆ ಒಂದು ಶತಮಾನ ಕಾಲ ನಮ್ಮ ವಿತರಣಾ ಜಾಲಗಳು ಬಹುಮಟ್ಟಿಗೆ ಇದೇ ನಂಬಿಕೆಯ ಮೇಲೆ ರೂಪುಗೊಂಡವು. ಮನೆ, ಕಾರ್ಖಾನೆ, ಹೊಲಗಳಲ್ಲಿ ಹರಡಿಕೊಂಡಿರುವ ಸಣ್ಣ ಘಟಕಗಳ ಉತ್ಪಾದನೆಯನ್ನು ‘ವಿತರಿತ ಉತ್ಪಾದನೆ’ ಎನ್ನುತ್ತಾರೆ. ಇದು ಆ ಹಳೆಯ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಗ್ರಾಹಕನೇ ಉತ್ಪಾದಕನಾದನು.

ಮೊದಲ ಪಾಠ: ಕೂಡಲೇ ಹಿಂದೆ ಸರಿ

ಬೀದಿಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುತ್ತದೆ. ಆದರೆ ಅದಕ್ಕೆ ದಿಕ್ಕಿನ ಹಂಗಿಲ್ಲ. ಮನೆಯ ಕಡೆಯಿಂದ ವಿದ್ಯುತ್ತು ಹಿಂದಕ್ಕೆ ಹರಿದರೆ ಅದೇ ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತೆ ಸಾವಿರಾರು ವೋಲ್ಟ್‌ಗೆ ಏರಿಸಬಲ್ಲದು. ಲೈನ್ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಪ್ರಾಣಕ್ಕೆ ಇದು ಎರವಾಗಬಹುದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಜನರೇಟರನ್ನು ಜೋಡಿಸಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದುದೂ ಈ ಕಾರಣದಿಂದಲೇ.

ಮುಖ್ಯ ಜಾಲದಿಂದ ಬೇರ್ಪಟ್ಟ ಒಂದು ಭಾಗ ಸ್ಥಳೀಯ ಘಟಕಗಳ ಬಲದಿಂದ ತಾನೇ ಜೀವಂತವಾಗಿ ಉಳಿಯುವುದಕ್ಕೆ ‘ದ್ವೀಪವಾಗುವುದು’ ಎಂದು ಹೆಸರು. ಅಮೆರಿಕದ ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ಇಂಜಿನಿಯರುಗಳ ಸಂಸ್ಥೆಯಾದ ಐಇಇಇ, 2003ರಲ್ಲಿ 1547 ಎಂಬ ಸಂಖ್ಯೆಯ ಮಾನದಂಡವನ್ನು ಹೊರತಂದಿತು. ಉದ್ದೇಶವಿಲ್ಲದೆ ಇಂತಹ ದ್ವೀಪ ಉಂಟಾದರೆ ಎರಡು ಸೆಕೆಂಡುಗಳೊಳಗೆ ಘಟಕವು ವಿದ್ಯುತ್ ಪೂರೈಕೆ ನಿಲ್ಲಿಸಬೇಕೆಂದು ಅದು ವಿಧಿಸಿತು. ವೋಲ್ಟೇಜ್ ಅಥವಾ ಆವರ್ತನ ಗಡಿ ಮೀರಿದರೂ ಬೇಗನೆ ಕಳಚಿಕೊಳ್ಳಬೇಕಿತ್ತು. ಅಂದು ಇಂತಹ ಘಟಕಗಳು ವಿರಳವಾಗಿದ್ದುದರಿಂದ ಅವು ಹಿಂದೆ ಸರಿದರೆ ಜಾಲಕ್ಕೆ ನಷ್ಟವೇನೂ ಇರಲಿಲ್ಲ.

ಎರಡನೆಯ ಪಾಠ: ಆತುರಪಡಬೇಡ

ಘಟಕಗಳು ಲಕ್ಷಗಟ್ಟಲೆಯಾದಾಗ ಹಿಂದೆ ಸರಿಯುವ ಈ ಗುಣವೇ ಅಪಾಯವಾಯಿತು. ಇದಕ್ಕೆ ಜರ್ಮನಿಯ ಅನುಭವ ಒಳ್ಳೆಯ ನಿದರ್ಶನ. ಯುರೋಪಿನ ಜಾಲದ ಆವರ್ತನ ನಮ್ಮಲ್ಲಿರುವಂತೆಯೇ 50 ಹರ್ಟ್ಜ್. ಅದು 50.2ಕ್ಕೆ ಏರಿದೊಡನೆ ಸೌರಘಟಕಗಳು ಕಳಚಿಕೊಳ್ಳಬೇಕೆಂಬ ನಿಯಮ ಅಲ್ಲಿತ್ತು. ಒಂದು ಮನೆಯ ಘಟಕ ನಿಂತರೆ ಯಾರಿಗೂ ತಿಳಿಯದು. ಸಾವಿರಾರು ಮೆಗಾವ್ಯಾಟ್ ಒಂದೇ ಕ್ಷಣದಲ್ಲಿ ನಿಂತರೆ? ಇಡೀ ಯುರೋಪ್ ಖಂಡದ ಜಾಲ ತುರ್ತಿಗೆಂದು ಕಾದಿರಿಸಿಕೊಂಡಿದ್ದುದು 3,000 ಮೆಗಾವ್ಯಾಟ್ ಮಾತ್ರ. ಹೆಚ್ಚುವರಿ ವಿದ್ಯುತ್ತನ್ನು ತಗ್ಗಿಸಲು ಹೊರಟ ನಿಯಮವೇ ಹಠಾತ್ ಕೊರತೆಯನ್ನು ತಂದೊಡ್ಡುವ ಸ್ಥಿತಿ ಬಂದಿತ್ತು. 2012ರಲ್ಲಿ ಜರ್ಮನಿಯು ಆಜ್ಞೆ ಹೊರಡಿಸಿ, ಮೊದಲೇ ಅಳವಡಿಸಿದ್ದ ಮೂರು ಲಕ್ಷಕ್ಕೂ ಹೆಚ್ಚು ಘಟಕಗಳನ್ನು ಮರುಹೊಂದಿಸುವ ಕೆಲಸ ಕೈಗೊಂಡಿತು. ಮೊದಲೇ ಯೋಚಿಸದ ತಪ್ಪಿಗೆ ಛಾವಣಿಯಿಂದ ಛಾವಣಿಗೆ ಅಲೆಯಬೇಕಾಯಿತು.

ಅಮೆರಿಕದಲ್ಲಿಯೂ 1547 ಮಾನದಂಡ 2014ರ ತಿದ್ದುಪಡಿಯಿಂದ ಸಡಿಲಗೊಂಡು, 2018ರಲ್ಲಿ ಹೊಸ ರೂಪ ಪಡೆಯಿತು. ಅಲ್ಪಕಾಲದ ಏರುಪೇರನ್ನು ಸಹಿಸಿಕೊಂಡು ಜಾಲದಲ್ಲಿಯೇ ಉಳಿಯುವ ಶಕ್ತಿ, ವೋಲ್ಟೇಜನ್ನು ಹದದಲ್ಲಿಡಲು ನೆರವಾಗುವ ಶಕ್ತಿ, ದೂರದಿಂದ ಮಾಹಿತಿ ವಿನಿಮಯ ಮಾಡುವ ಶಕ್ತಿ – ಈ ಮೂರೂ ಘಟಕಕ್ಕೆ ಇರಲೇಬೇಕೆಂದಾಯಿತು. ಆದರೆ ದ್ವೀಪವಾದಾಗ ಎರಡು ಸೆಕೆಂಡಿನಲ್ಲಿ ನಿಲ್ಲಬೇಕೆಂಬ ನಿಯಮ ಹಾಗೆಯೇ ಉಳಿಯಿತು. ಇವುಗಳನ್ನು ಪರೀಕ್ಷಿಸುವ ವಿಧಾನಗಳು 2020ರಲ್ಲಿ ಪ್ರಕಟವಾದವು.

ಒಂದೆಡೆ ‘ನಿಲ್ಲು’, ಇನ್ನೊಂದೆಡೆ ‘ನಿಲ್ಲಬೇಡ’. ಯಾವುದು ನಿಜವಾದ ವಿದ್ಯುತ್ ಕಡಿತ, ಯಾವುದು ಕ್ಷಣಿಕ ಏರುಪೇರು ಎಂದು ಇನ್ವರ್ಟರ್ ತಾನೇ ಗುರುತಿಸಬೇಕು. ಅದಕ್ಕೆ ತಕ್ಕ ಅಂಕಿಗಳನ್ನು ಅದರೊಳಗೆ ನಿಗದಿಪಡಿಸುವವನು ಇಂಜಿನಿಯರು. 2003ರ ಪಾಠವನ್ನಷ್ಟೇ ಕಲಿತವನು ಇಂದು ಅರ್ಧ ಮಾತ್ರ ಬಲ್ಲವನು.

ನಮ್ಮ ದೇಶದಲ್ಲಿ

ಭಾರತದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 33 ಕಿಲೋವೋಲ್ಟ್‌ಗಿಂತ ಕೆಳಗಿನ ಜಾಲಕ್ಕೆ ಸೇರುವ ಘಟಕಗಳಿಗಾಗಿ 2013ರಲ್ಲಿ ತಾಂತ್ರಿಕ ನಿಯಮಗಳನ್ನು ರೂಪಿಸಿ, 2019ರಲ್ಲಿ ತಿದ್ದುಪಡಿ ಮಾಡಿತು. ಎರಡು ಸೆಕೆಂಡಿನ ನಿಯಮ ಇಲ್ಲಿಯೂ ಉಂಟು. ಕಣ್ಣಿಗೆ ಕಾಣುವಂತೆ ಸಂಪರ್ಕ ಕಡಿಯುವ, ಬೀಗ ಹಾಕಬಹುದಾದ ಕೈಸ್ವಿಚ್ ಇರಬೇಕೆಂದೂ ಇದೆ. ಇನ್ವರ್ಟರಿನ ದ್ವೀಪ ತಡೆಯುವ ಸಾಮರ್ಥ್ಯವನ್ನು ಭಾರತೀಯ ಮಾನಕ 16169ರಂತೆ ಪರೀಕ್ಷಿಸುತ್ತಾರೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಜರ್ಮನಿಯ ಮೂರು ಲಕ್ಷ ಘಟಕಗಳ ಪಾಡನ್ನು ನೆನೆದರೆ ಈ ಸಂಖ್ಯೆಯ ತೂಕ ಅರಿವಾದೀತು.

ತರಬೇತಿಯಲ್ಲಿ ಏನಿರಬೇಕು?

ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆ ನಮ್ಮಲ್ಲಿದೆ. ಬೆಂಗಳೂರಿನಲ್ಲಿ ಅದರ ಕೇಂದ್ರವಿದೆ. ಸೌರಘಟಕ ಅಳವಡಿಸುವ ಕೆಲಸಗಾರರಿಗಾಗಿ 2015ರಲ್ಲಿ ‘ಸೂರ್ಯಮಿತ್ರ’ ತರಬೇತಿ ಆರಂಭವಾಯಿತು. ಆದರೆ ಫಲಕ ಜೋಡಿಸುವುದು ಒಂದು ವಿದ್ಯೆ. ಸಾವಿರ ಛಾವಣಿಗಳು ಸೇರಿದಾಗ ಫೀಡರ್ ಹೇಗೆ ವರ್ತಿಸುತ್ತದೆಂದು ಅರಿಯುವುದು ಇನ್ನೊಂದು ವಿದ್ಯೆ.

ಒಂದು ಉದಾಹರಣೆ ನೋಡೋಣ. ಒಂದೇ ಬೀದಿಯ ಅನೇಕ ಮನೆಗಳು ಮಧ್ಯಾಹ್ನ ಜಾಲಕ್ಕೆ ವಿದ್ಯುತ್ತು ಕಳಿಸಿದಾಗ ಬೀದಿಯ ಕೊನೆಯಲ್ಲಿ ವೋಲ್ಟೇಜ್ ಏರುತ್ತದೆ. ಗಡಿ ದಾಟಿದಾಗ ಕೊನೆಯ ಮನೆಯ ಇನ್ವರ್ಟರ್ ನಿಲ್ಲುತ್ತದೆ. ಮನೆಯವರು ಫಲಕವನ್ನು ದೂರುತ್ತಾರೆ. ಅಳವಡಿಸಿದವನು ಅವಸರದಿಂದ ಗಡಿಯ ಅಂಕಿಯನ್ನೇ ಹಿಗ್ಗಿಸಿದರೆ ನೆರೆಮನೆಯ ಫ್ರಿಜ್, ಪಂಪುಗಳಿಗೆ ಹಾನಿಯಾದೀತು. ತರಬೇತಿ ಪಡೆದ ಇಂಜಿನಿಯರು ಮೊದಲು ತಂತಿಯ ಗಾತ್ರ, ಟ್ರಾನ್ಸ್‌ಫಾರ್ಮರಿನ ಟ್ಯಾಪ್, ಇನ್ವರ್ಟರಿನ ವೋಲ್ಟೇಜ್ ನಿಯಂತ್ರಣ ಸೌಲಭ್ಯ ಇವನ್ನು ಪರಿಶೀಲಿಸುತ್ತಾನೆ.

ಆದುದರಿಂದ ಪಾಠವು ನಿಯಮಾವಳಿಯ ಓದಿಗೆ ಮುಗಿಯಬಾರದು. ವೋಲ್ಟೇಜ್ ಏರಿಕೆಯ ಲೆಕ್ಕ, ರಿಲೇ ಮತ್ತು ಇನ್ವರ್ಟರುಗಳ ಹೊಂದಾಣಿಕೆ, ಚಾಲನೆಗೆ ಮುನ್ನ ಸ್ಥಳದಲ್ಲಿಯೇ ಸಂಪರ್ಕ ಕಡಿದು ನೋಡುವ ಪರೀಕ್ಷೆ ಇವೆಲ್ಲ ಕೈಯಿಂದ ಮಾಡಿ ಕಲಿಯಬೇಕಾದವು. ಮಾನದಂಡ ಬದಲಾದಾಗಲೆಲ್ಲ ಪಾಠವೂ ಮರುಕಳಿಸಬೇಕು. ವಿತರಣಾ ಕಂಪನಿಯ ಇಂಜಿನಿಯರು, ಅಳವಡಿಸುವ ಗುತ್ತಿಗೆದಾರ, ತಪಾಸಣಾಧಿಕಾರಿ ಮೂವರೂ ಒಟ್ಟಿಗೆ ಕಲಿತರೆ ಇನ್ನೂ ಒಳ್ಳೆಯದು.

ಸೊಸೈಟಿಯ ಸಮಿತಿಯಲ್ಲಿರುವ ನಮ್ಮ ಬಂಧುಗಳಿಗೂ ಇಲ್ಲಿ ಪಾತ್ರವಿದೆ. ಬೆಲೆ ಮತ್ತು ಸಬ್ಸಿಡಿಯನ್ನು ವಿಚಾರಿಸುವಾಗ ಇನ್ವರ್ಟರಿನ ಪರೀಕ್ಷಾ ಪ್ರಮಾಣಪತ್ರವನ್ನೂ ನೋಡೋಣ. ಕೈಸ್ವಿಚ್ ಎಲ್ಲಿದೆಯೆಂದು ಕೇಳೋಣ. ಕರೆಂಟ್ ಹೋದಾಗ ಘಟಕ ನಿಲ್ಲುವುದನ್ನು ಕಣ್ಣಾರೆ ಕಂಡ ಮೇಲೆಯೇ ಸಹಿ ಹಾಕೋಣ. ನಮ್ಮ ಛಾವಣಿಯ ಬೆಳಕು, ಕಂಬದ ಮೇಲೆ ದುಡಿಯುವ ಯಾರದೋ ಮನೆಯ ದೀಪವನ್ನು ಆರಿಸದಿರಲಿ.