ಕಾಲುವೆಯ ಕೊನೆಯ ಹೊಲವನ್ನು ಅಳೆಯುವವರು ಯಾರು?

ಕಾರಟಗಿಯಿಂದ ಸಿಂಧನೂರಿನ ಕಡೆಗೆ ಹೊರಟರೆ ರಸ್ತೆಯ ಇಕ್ಕೆಲಗಳಲ್ಲೂ ಭತ್ತದ ಗದ್ದೆಗಳು, ನಡುನಡುವೆ ಅಕ್ಕಿ ಗಿರಣಿಗಳು. ತುಂಗಭದ್ರೆಯ ನೀರು ಬರುವ ಮೊದಲು ಇದು ಜೋಳ, ಹತ್ತಿ ಬೆಳೆಯುವ ಒಣಭೂಮಿಯಾಗಿತ್ತು. ಅಭಿವೃದ್ಧಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ ಎಂದು ಅನ್ನಿಸುವುದು ಸಹಜ. ಆದರೆ ಕಾಲುವೆ ಕಾರಟಗಿಯಲ್ಲಿ ಮುಗಿಯುವುದಿಲ್ಲ. ಅದು ಮುಂದೆ ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನವರೆಗೆ ಹೋಗಬೇಕು. ಯೋಜನೆಯ ಫಲವನ್ನು ನಾವು ಎಲ್ಲಿ ನಿಂತು ಅಳೆಯುತ್ತೇವೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಹೈದರಾಬಾದ್ ಮತ್ತು ಮದರಾಸು ಸರಕಾರಗಳ ನಡುವೆ ಹಲವು ವರ್ಷ ನಡೆದ ಮಾತುಕತೆ 1944ರಲ್ಲಿ ಒಪ್ಪಂದಕ್ಕೆ ಬಂತು. 1945ರ ಫೆಬ್ರವರಿ 28ರಂದು ಹೈದರಾಬಾದಿನ ದಡದಲ್ಲಿ ಬೇರಾರ್ ರಾಜಕುಮಾರರೂ ಮದರಾಸಿನ ದಡದಲ್ಲಿ ಗವರ್ನರ್ ಸರ್ ಆರ್ಥರ್ ಹೋಪ್ ಅವರೂ ಅಡಿಗಲ್ಲು ಇಟ್ಟರು. ನಿಜಾಮ ಸರಕಾರದ ಪರವಾಗಿ ಈ ಯೋಜನೆಗೆ ದುಡಿದವರಲ್ಲಿ ಇಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಪ್ರಮುಖರು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. 1956ರ ರಾಜ್ಯ ಪುನರ್ವಿಂಗಡಣೆಯಿಂದ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ನಮ್ಮ ರಾಜ್ಯಕ್ಕೆ ಸೇರಿತು.

ಬರಗಾಲದಿಂದ ಆದಷ್ಟು ಹೆಚ್ಚು ಜನರನ್ನು ಕಾಪಾಡುವುದು ಯೋಜನೆಯ ಮೂಲ ಉದ್ದೇಶ. ಅದಕ್ಕಾಗಿ ಸ್ವಲ್ಪ ನೀರನ್ನು ಸುಮಾರು 6 ಲಕ್ಷ ಎಕರೆಗೆ ತೆಳುವಾಗಿ ಹಂಚಬೇಕಿತ್ತು. ಯಾವ ಹೊಲದಲ್ಲಿ ಯಾವ ಬೆಳೆ ಎಂಬುದನ್ನೂ ಸರಕಾರವೇ ಗೊತ್ತುಪಡಿಸಿತ್ತು. ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು ಮಾತ್ರ. ಆದರೆ ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು, ಕ್ಯಾಂಪ್‌ಗಳನ್ನು ಕಟ್ಟಿ ಭತ್ತ ಬೆಳೆದರು. ಸ್ಥಳೀಯರೂ ಅದನ್ನೇ ಅನುಸರಿಸಿದರು. ಮೇಲ್ಭಾಗದಲ್ಲಿ ಎರಡು ಬೆಳೆ ಬಂದಾಗ ಕೊನೆಭಾಗದಲ್ಲಿ ಒಂದು ಬೆಳೆಗೂ ಪರದಾಟವಾಯಿತು. ಈ ಕಾಲುವೆಯ ಮೇಲೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಡಚ್ ವಿದ್ವಾಂಸ ಪೀಟರ್ ಮೊಲ್ಲಿಂಗಾ ನೀರಿನ ಹಂಚಿಕೆಯ ಹಿಂದೆ ಅಧಿಕಾರಿ, ರಾಜಕಾರಣಿ ಮತ್ತು ರೈತರ ನಡುವಿನ ಹೊಂದಾಣಿಕೆಗಳಿರುವುದನ್ನು ವಿವರಿಸಿದ್ದಾರೆ. ಕಾರಟಗಿಯ ಸಮೃದ್ಧಿ ದುಡಿಮೆಯ ಫಲ, ನಿಜ. ಅದರಲ್ಲಿ ಮಾನ್ವಿಯ ಪಾಲಿನ ನೀರೂ ಸೇರಿದೆ ಎಂಬುದೂ ಅಷ್ಟೇ ನಿಜ.

ಪ್ರಾದೇಶಿಕ ಅಸಮಾನತೆಯನ್ನು ಲೆಕ್ಕ ಹಾಕಲು 2000ದಲ್ಲಿ ನೇಮಕವಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ, 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಅದು ತೋರಿಸಿತು. ರಾಜ್ಯದ ಸರಾಸರಿಯೊಳಗೆ ಅಡಗಿದ್ದ ಸತ್ಯ ತಾಲೂಕಿನ ಮಟ್ಟದಲ್ಲಿ ಬಯಲಾಯಿತು. ಆದರೆ ತಾಲೂಕಿಗೂ ಒಂದು ಸರಾಸರಿ ಇರುತ್ತದೆ. ಅದರ ಕೆಳಗೆ ತೂಬಿನ ಕೊನೆಯಲ್ಲಿರುವ ಸಣ್ಣ ರೈತ ಮತ್ತೆ ಕಾಣೆಯಾಗುತ್ತಾನೆ.

ಈಗ ದೂರದಲ್ಲೇ ಕುಳಿತು ಅಳೆಯುವ ತಂತ್ರಜ್ಞಾನ ಬಂದಿದೆ. ನೆರೆಯ ಕೃಷ್ಣಾ ಕಣಿವೆಯ ನಾರಾಯಣಪುರ ಎಡದಂಡೆ ಕಾಲುವೆಯನ್ನು ಸುಮಾರು 4,700 ಕೋಟಿ ರೂ. ವೆಚ್ಚದಲ್ಲಿ ಆಧುನೀಕರಿಸಿ, 2023ರ ಜನವರಿಯಲ್ಲಿ ಉದ್ಘಾಟಿಸಲಾಯಿತು. ಅಲ್ಲಿ ‘ಸ್ಕಾಡಾ’ ವ್ಯವಸ್ಥೆಯಿಂದ ನೀರಿನ ಹರಿವನ್ನು ಗಮನಿಸಿ, ನಿಯಂತ್ರಣ ಕೊಠಡಿಯಿಂದಲೇ ಗೇಟುಗಳನ್ನು ಏರಿಸಿ ಇಳಿಸಬಹುದು. ಸ್ವಾಗತಿಸಬೇಕಾದ ಬದಲಾವಣೆಯಿದು. ಗೇಜ್ ನೋಡಲು ಬಂದವರ ಮೇಲೆ ಬೀಳುವ ಒತ್ತಡವನ್ನು ಯಂತ್ರದ ಮೇಲೆ ಹಾಕಲಾಗದು.

ಆದರೂ ಗೇಟಿನಲ್ಲಿ ಎಷ್ಟು ನೀರು ಹೋಯಿತೆಂದು ಹೇಳುವ ಯಂತ್ರ, ಅದು ಯಾರ ಹೊಲ ಸೇರಿತೆಂದು ಹೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯದ ಮಟ್ಟ ದಿನವೂ ದಾಖಲಾಗುತ್ತಿತ್ತು. ಸವೆದ ಸರಪಳಿ ಆ ಅಂಕಿಗಳಲ್ಲಿ ಕಾಣುವಂಥದ್ದಲ್ಲ. ಹರಿಯುವ ನೀರಿನ ನಡುವೆಯೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದವರು ತಜ್ಞ ಕನ್ನಯ್ಯ ನಾಯ್ಡು ಮತ್ತು ಕಾರ್ಮಿಕರು.

ಆದ್ದರಿಂದ ಎಡದಂಡೆಯ ಮೌಲ್ಯಮಾಪನ ಮುನಿರಾಬಾದಿನಿಂದ ಆರಂಭವಾಗದೆ ಕೊನೆಯ ಹೊಲದಿಂದ ಆರಂಭವಾಗಲಿ. ಅಂಕಿಅಂಶಗಳು ಕನ್ನಡದಲ್ಲಿ, ಪಂಚಾಯತ್ ಕಚೇರಿಯ ಗೋಡೆಯ ಮೇಲೆ, ರೈತನ ಕಣ್ಣಿಗೆ ಬೀಳುವಂತಿರಲಿ. ಮೇಲ್ಭಾಗದವರಾದ ನಾವೂ ಅದನ್ನು ಓದುವ ಧೈರ್ಯ ಮಾಡೋಣ.